ಬಾಚಣಿಗೆ ಹಲ್ಲಿನ ಬಾಲ್ಕನಿ

ಊರಿನ ಮೇಲೆ ಧೂಳು ಕೂತಿತ್ತು. ಗಾಜಿನ ಪೆಟ್ಟಿಗೆಯ ಬಾಗಿಲನ್ನು ಎಷ್ಟು ಬಿಗಿಯಾಗಿ ಹಾಕಿದರೂ ಅದು ಹೇಗೋ ಒಳಗೆ ಬಂದುಬಿಡುತ್ತದೆ, ಬೇಡದ ಯೋಚನೆಯ ಹಾಗೆ. ಅವನು ಒಣ ಕುಂಚದಿಂದ ಹೊಳೆದಂಡೆಯ ಗೋದಾಮುಗಳನ್ನು ಗುಡಿಸಿದ, ಸೇತುವೆಯನ್ನು ಗುಡಿಸಿದ, ರೈಲು ನಿಲ್ದಾಣದ ಸೂರಿನ ಮೇಲೆ ಬಾಯಿಂದ ಮೆಲ್ಲಗೆ ಊದಿದ. ಹಳೇಪೇಟೆಗೆ ಬರುವ ಹೊತ್ತಿಗೆ ಕೈ ತಾನಾಗಿಯೇ ನಿಧಾನವಾಯಿತು. ನಗರಪಾಲಿಕೆಯ ನಕಾಶೆ ವಿಭಾಗದಲ್ಲಿ ಮಾದರಿ ಮಾಡುವುದು ಅವನ ಕೆಲಸ. ರಟ್ಟು, ಹಗುರ ಮರ, ಹಸಿರು ಬಣ್ಣದಲ್ಲಿ ಅದ್ದಿದ ಸ್ಪಂಜಿನ ಚೂರು, ತಂತಿ, ಅಂಟು, ಇಷ್ಟರಲ್ಲೇ ಮನೆಮನೆಯನ್ನೂ ಎಬ್ಬಿಸಿ ನಿಲ್ಲಿಸಿದ್ದ. ಗುಮಾಸ್ತರು ಅವನಿಗೆ ಬ್ರಹ್ಮ ಎಂದು ಹೆಸರಿಟ್ಟಿದ್ದರು. “ಏನ್ ಬ್ರಹ್ಮದೇವ್ರೇ, ಇವತ್ತು ಯಾರ ಹಣೇಬರಹ?” ಎಂದು ಕೇಳಿ ನಗುವುದು ಅವರ ಬೆಳಗಿನ ಅಭ್ಯಾಸ, ಅವನೂ ಜೊತೆಗೆ ನಗುತ್ತಿದ್ದ. ಇವತ್ತು ನಗು ಬರಲಿಲ್ಲ. ಇವತ್ತು ಇದೇ ಮೇಜಿನ ಸುತ್ತ ಸಮಿತಿ ಸೇರುವುದಿತ್ತು. ಹಳೇಪೇಟೆಯ ಒಂದು ಬೀದಿಯಲ್ಲಿ ಯಾವ ಮನೆ ಉಳಿಯಬೇಕು, ಯಾವುದು ಉರುಳಬೇಕು ಎಂಬ ಬಗ್ಗೆ ಜನರ ಕೊನೆಯ ಅಹವಾಲು ಕೇಳುವುದಿತ್ತು. ಅಹವಾಲು ಹೇಳುವವರಲ್ಲಿ ಅವನ ಅಕ್ಕನೂ ಇದ್ದಳು.

ಕುಂಚ ಕೆಳಗಿಟ್ಟು ಚಿಮಟ ಎತ್ತಿಕೊಂಡ. ಕಚೇರಿಯ ಹಾಲಿನಲ್ಲಿ ಯಾರೂ ಇರಲಿಲ್ಲ. ಅಕ್ಕನ ಮನೆ ಒಂದು ಬೆಂಕಿಪೊಟ್ಟಣದಷ್ಟಿತ್ತು. ಅದರ ಮಹಡಿಯ ಕಿಟಕಿಯ ಮುಂದೆ ಒಂದು ಬಾಲ್ಕನಿ. ಹೆಂಡತಿಯ ಹಳೆಯ ಬಾಚಣಿಗೆಯ ಹಲ್ಲುಗಳನ್ನು ಸಣ್ಣಗೆ ಕತ್ತರಿಸಿ, ಭೂತಗನ್ನಡಿಯ ಅಡಿಯಲ್ಲಿ ಉಸಿರು ಹಿಡಿದು, ಒಂದರ ಪಕ್ಕ ಒಂದು ನಿಲ್ಲಿಸಿ ಮಾಡಿದ ಕಂಬಿ ಅದಕ್ಕೆ. ಅಷ್ಟು ನಾಜೂಕಾದದ್ದು ಆ ಇಡೀ ಊರಿನಲ್ಲಿ ಇನ್ನೊಂದಿರಲಿಲ್ಲ. ಅಷ್ಟು ಸುಳ್ಳಾದದ್ದೂ ಇನ್ನೊಂದಿರಲಿಲ್ಲ. ಅಕ್ಕನ ಮನೆಗೆ ಬಾಲ್ಕನಿ ಎಂಬುದು ಯಾವ ಕಾಲಕ್ಕೂ ಇದ್ದದ್ದಲ್ಲ, ಇದ್ದದ್ದು ಎದುರುಮನೆಗೆ. ಚಿಮಟದ ತುದಿಯನ್ನು ಅದರ ಅಂಚಿಗೆ ತಾಗಿಸಿದ. ಒಂದು ಚಿವುಟು ಸಾಕು. ಚಿವುಟಿದ. ಅಲುಗಲಿಲ್ಲ. ಇನ್ನಷ್ಟು ಬಲ ಹಾಕಿದರೆ ಮನೆಯೇ ಬುಡಸಮೇತ ಕಿತ್ತು ಬರುವ ಹಾಗಿತ್ತು. ಬದುಕಿನಲ್ಲಿ ಉಳಿದೆಲ್ಲ ವಿಷಯದಲ್ಲೂ ಸಡಿಲನಾದವನು ಅಂಟಿನ ವಿಷಯದಲ್ಲಿ ಮಾತ್ರ ಎಂದೂ ಮೋಸ ಮಾಡಿರಲಿಲ್ಲ. ಬಾಗಿಲ ಹತ್ತಿರ ಯಾರೋ ಕೆಮ್ಮಿದರು. ಕಿಟಕಿ ತೆರೆಯಲು ಬಂದ ಜವಾನ. “ಯಾರ ಮನೆ ದೋಚ್ತಿದ್ದೀರಿ ಬ್ರಹ್ಮದೇವ್ರೇ?” ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಒಬ್ಬ. ಇವನು ಹೆಗಲಿಗೂ ಹೋಗಲಿಲ್ಲ, ಚಿಮಟವನ್ನೇ ಅವಸರದಲ್ಲಿ ಜೇಬಿಗೆ ಇಳಿಸಿದ. ಅದರ ಚೂಪು ತೊಡೆಗೆ ಚುಚ್ಚಿತು.

ಎಲ್ಲ ಒಂದು ಊಟದ ಬಿಡುವಿನಲ್ಲಿ ಆದದ್ದು. ಮಾದರಿಯ ಉದ್ಘಾಟನೆಗೆ ಹಿಂದಿನ ದಿನ ಎಲ್ಲರೂ ಎದ್ದು ಹೋದ ಮೇಲೆ ಅವನೊಬ್ಬನೇ ಬುತ್ತಿ ಬಿಚ್ಚಿಕೊಂಡು ತನ್ನ ಊರಿನ ಪಕ್ಕದಲ್ಲಿ ಕೂತಿದ್ದ. ಎದುರುಮನೆ ಒಂದು ಕೂದಲೆಳೆಯಷ್ಟು ಓರೆಯಾಗಿ ಕಂಡಿತು. ಸರಿಮಾಡಲು ಹೋದಾಗ ಅದರ ಬಾಲ್ಕನಿ ಕಳಚಿ ಅಂಗೈಗೆ ಬಂತು. ಅಂಟು ಇನ್ನೂ ಹಸಿಯಿತ್ತು. ತಿರುಗಿ ಅಲ್ಲೇ ಇಡಬೇಕೆಂದುಕೊಂಡೇ ಕೈ ಚಾಚಿದ್ದು. ಆ ಬೀದಿಯ ಅಗಲ ಮೇಜಿನ ಮೇಲೆ ಎರಡು ಬೆರಳು. ಚಿಕ್ಕಂದಿನಲ್ಲಿ ಅದನ್ನು ದಾಟಿ ಎದುರುಮನೆಯ ಹೊಸ್ತಿಲು ಹತ್ತುವುದಕ್ಕೆ ಅವನಿಗೂ ಅಕ್ಕನಿಗೂ ಎಷ್ಟು ಧೈರ್ಯ ಬೇಕಾಗಿತ್ತು! ಆಟದಲ್ಲಿ ಗೆದ್ದ ಊರಿನ ತಂಡ ತೆರೆದ ಲಾರಿಯಲ್ಲಿ ಬರುತ್ತದೆಂದು ಬೀದಿಯೆಲ್ಲ ಕಿಕ್ಕಿರಿದ ದಿನ, ಎದುರುಮನೆಯ ಹುಡುಗಿ ಬಾಲ್ಕನಿಯಿಂದ ಕೈಬೀಸಿ ಕರೆದಿದ್ದಳು. ಇಬ್ಬರೂ ಬಿದ್ದೆದ್ದು ಓಡಿದ್ದರು. ಬಾಗಿಲಲ್ಲಿ ಅವಳ ಅಮ್ಮ ಕಾಲೊರಸು ತೋರಿಸಿದರು. ಒರೆಸಿಕೊಂಡ ಮೇಲೆ ಇನ್ನೊಮ್ಮೆ ತೋರಿಸಿದರು. ಮೇಲೆ ಹೋದ ಅಕ್ಕ ಎರಡೂ ಕೈಯಿಂದ ಕಂಬಿ ಹಿಡಿದು, ಎರಕದ ಕಬ್ಬಿಣದ ಎಲೆಗಳ ನಡುವೆ ಮುಖ ತೂರಿಸಿ, ಲಾರಿ ತಿರುವಿಗೆ ಬರುವುದನ್ನು ಇನ್ನೇನು ನೋಡಬೇಕು, ಅಷ್ಟರಲ್ಲಿ ಹಿಂದಿನಿಂದ ಆ ಅಮ್ಮನ ಮಾತು, ಬೈಗುಳವೇನಲ್ಲ, ಬುದ್ಧಿಮಾತಿನ ಧಾಟಿ: “ಕಂಬಿ ಬಿಡಮ್ಮ. ಕೈಬೆವರಿಗೆ ತುಕ್ಕು ಹಿಡಿಯುತ್ತೆ.” ಲಾರಿ ಹೋದದ್ದು ಅವನಿಗೆ ನೆನಪಿಲ್ಲ. ಅಕ್ಕ ಎರಡೂ ಅಂಗೈಯನ್ನು ಲಂಗಕ್ಕೆ ಒರೆಸಿಕೊಳ್ಳುತ್ತ, ಒರೆಸಿದ್ದನ್ನೇ ಒರೆಸಿಕೊಳ್ಳುತ್ತ ನಿಂತದ್ದು ನೆನಪಿದೆ. ಅಂಗೈಯಲ್ಲಿದ್ದ ಬಾಲ್ಕನಿಯನ್ನು ಅಕ್ಕನ ಕಿಟಕಿಗೆ ಹಿಡಿದು ನೋಡಿದ. ಒಪ್ಪಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಂಡ. ಊಟ ಮುಗಿಯುವ ತನಕ ಇರಲಿ, ಆಮೇಲೆ ತೆಗೆದರಾಯಿತು. ಊಟ ಮುಗಿಯುವ ಮೊದಲೇ ಬಡಗಿಗಳು ಗಾಜು ಹೊತ್ತುಕೊಂಡು ಬಂದರು.

ಆಮೇಲೂ ತೆಗೆಯಬಹುದಿತ್ತು. ಗಾಜಿಗೊಂದು ಬಾಗಿಲಿತ್ತು, ಬೀಗದ ಕೈ ಅವನ ಸೊಂಟದಲ್ಲೇ ಇತ್ತು. ಆದರೆ ಮರುದಿನ ಸಮಿತಿಯ ಅಧ್ಯಕ್ಷೆ ಬಂದು, ಇಡೀ ಊರಿನ ಮೇಲೆ ಒಮ್ಮೆ ಕಣ್ಣಾಡಿಸಿ, ಮಿಕ್ಕೆಲ್ಲ ಬಿಟ್ಟು ಅಕ್ಕನ ಮನೆಯ ಮೇಲೆ ಬಗ್ಗಿದರು. “ಅಯ್ಯೋ, ಈ ಬಾಲ್ಕನಿ ನೋಡಿ! ಎಷ್ಟು ಮುದ್ದಾಗಿದೆ! ಇಂಥದ್ದನ್ನ ಉಳಿಸಿಕೊಳ್ಳದೆ ಹೋದರೆ ನಾವು ಇದ್ದೂ ಏನು ಪ್ರಯೋಜನ?” ಅವರ ಉಸಿರು ಗಾಜಿನ ಮೇಲೆ ಮಂಜಾಗಿ ಕೂತು ಮೆಲ್ಲಗೆ ಕರಗಿತು. ದೊಡ್ಡ ಸಾಹೇಬರು ಇವನ ಬೆನ್ನು ತಟ್ಟಿದರು. ಅಷ್ಟು ವರ್ಷದ ನೌಕರಿಯಲ್ಲಿ ಆ ಬೆನ್ನನ್ನು ಯಾರೂ ತಟ್ಟಿರಲಿಲ್ಲ. ಒಮ್ಮೆ ತಟ್ಟಿಸಿಕೊಂಡ ಬೆನ್ನು ಬಾಲ್ಕನಿ ಕೀಳಲು ಬಗ್ಗಲಿಲ್ಲ. ನಿಜ ಹೇಳಬೇಕೆಂದರೆ ಅವನು ಹಿಗ್ಗಿದ. ಆ ದಿನ ಮನೆಗೆ ಹೋಗಿ ಹೆಂಡತಿಗೆ, ‘ನಿನ್ನ ಬಾಚಣಿಗೆ ಊರಿಗೇ ಹೆಸರಾಯಿತು’ ಎಂದು ಹೇಳಿದ್ದ. ಅವಳು, ‘ಹಾಗಾದರೆ ಹೊಸದೊಂದು ತಂದುಕೊಡಿ’ ಎಂದಿದ್ದಳು.

ಅಭಿವೃದ್ಧಿಯೂ ಬೇಕು, ಪರಂಪರೆಯೂ ಬೇಕು ಎಂಬುದು ಸಮಿತಿಯ ಮಂತ್ರ. ಎರಡಕ್ಕೂ ಅನ್ಯಾಯವಾಗದ ಹಾಗೆ ಅವರೊಂದು ದಾರಿ ಕಂಡುಹಿಡಿದಿದ್ದರು: ಬೀದಿಯ ಒಂದು ಸಾಲು ಹಳೆಯದಾಗಿಯೇ ಇರತಕ್ಕದ್ದು, ಎದುರು ಸಾಲನ್ನು ಕೆಡವಿ ಬಿಲ್ಡರ್ ಎತ್ತರದ ಕಟ್ಟಡ ಕಟ್ಟತಕ್ಕದ್ದು. ಅತ್ತೆಗೊಂದು ಕಣ್ಣು, ಸೊಸೆಗೊಂದು ಕಣ್ಣು. ಯಾವ ಸಾಲು ಯಾವುದಕ್ಕೆ ಎಂಬ ಪ್ರಶ್ನೆ ಬಂದಾಗ ಬಾಲ್ಕನಿ ಉತ್ತರ ಹೇಳಿತು. ಅವರ ಕಾರುಗಳು ಆ ಬೀದಿಗೆ ಹಿಡಿಸುತ್ತಿರಲಿಲ್ಲವಾದ್ದರಿಂದ ಅವರು ಮೇಜಿನ ಸುತ್ತಲೇ ನಿಂತು ಬೀದಿ ನೋಡಿದರು. ಒಬ್ಬ ಇನ್‌ಸ್ಪೆಕ್ಟರನನ್ನು ಕಳಿಸಿದ್ದೂ ಹೌದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವನು. ಅಕ್ಕನ ಗೋಡೆಯಲ್ಲಿ ಬಾಲ್ಕನಿ ಇರಲಿಲ್ಲ. ಆದರೆ ಕಿಟಕಿಯ ಕೆಳಗೆ ಎರಡು ತೂತುಗಳಿದ್ದವು, ತೂತಿನಿಂದ ತುಕ್ಕಿನ ಗೆರೆ ಇಳಿದಿತ್ತು. ಬಾಲ್ಕನಿ ಕಾಲಾಂತರದಲ್ಲಿ ಬಿದ್ದುಹೋಗಿದೆ, ಗುರುತು ಸ್ಪಷ್ಟವಾಗಿದೆ, ಮತ್ತೆ ಕಟ್ಟಿಸತಕ್ಕದ್ದು ಎಂದು ಅವನು ವರದಿ ಕೊಟ್ಟ. ಆ ತೂತುಗಳು ಅಪ್ಪ ಕೊರೆದವು. ಅಪ್ಪ ಕೊಡೆ ರಿಪೇರಿಯವನು. ತಗಡಿನ ದೊಡ್ಡ ಕೊಡೆಯೊಂದಕ್ಕೆ ಕಪ್ಪು ಬಣ್ಣ ಬಳಿದು, ಎರಡು ಸಲಾಕೆ ನೆಟ್ಟು, ಅಂಗಡಿಯ ಗುರುತಾಗಿ ಬೀದಿಯ ಮೇಲೆ ತೂಗುಹಾಕಿದ್ದ. ಗಾಳಿ ಬೀಸಿದರೆ ಅದು ಕಿರ್ ಎನ್ನುತ್ತಿತ್ತು. ಅದರ ಕೆಳಗೆ ನಿಂತರೆ ಬಿಸಿಲು ತಾಗುತ್ತಿರಲಿಲ್ಲ. ಯಾರೂ ಅದರ ಬಗ್ಗೆ ಕೇಳಲಿಲ್ಲ. ಮಾದರಿಯಲ್ಲಿ ಅವನೂ ಅದನ್ನು ಮಾಡಿರಲಿಲ್ಲ. ಇನ್ನು ಎದುರುಮನೆಯ ನಿಜವಾದ ಬಾಲ್ಕನಿಯನ್ನು ಟೈಪಿಂಗ್ ಶಾಲೆಯವರ ಅಗಲವಾದ ಬೋರ್ಡು ಎಷ್ಟೋ ಕಾಲದಿಂದ ಮುಚ್ಚಿಕೊಂಡಿತ್ತು. ಇನ್‌ಸ್ಪೆಕ್ಟರ್ ಬೋರ್ಡು ಓದಿಕೊಂಡು ಬಂದ.

ಅಹವಾಲಿಗೆ ಹೇಳಿದ ಹೊತ್ತಿಗಿಂತ ಬಹಳ ಮುಂಚೆ ಅಕ್ಕ ಬಂದಳು. ಕಚೇರಿಯ ಲಿಫ್ಟು ಕೆಟ್ಟಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತು ಉಸಿರು ಬಿಟ್ಟಳು. “ಲಿಫ್ಟಿನ ಮನೆ ಬೇಕು ಅಂತ ಕೇಳೋಕೆ ಬಂದ್ರೆ ಮೆಟ್ಲು ಹತ್ತಿಸ್ತಾರಲ್ಲೋ ನಿಮ್ಮೋರು!” ಅಪ್ಪನ ಕಸುಬನ್ನು ಹಿಡಿದವಳು ಅವಳೇ, ಇವನಿಗೆ ಕೊಡೆಯ ಕಡ್ಡಿ ಬಗ್ಗಲಿಲ್ಲ. ಕೆಳಗಿನ ಅಂಗಡಿಗೆ ನೀರು ಜಿನುಗಿ ಗೋಡೆ ಹಸಿಯಾದ ಮೇಲೆ ಅವಳು ಮಹಡಿಯಲ್ಲೇ ಕೂತು ಕೆಲಸ ಮಾಡುತ್ತಿದ್ದಳು. ಏಣಿಯಂಥ ಮೆಟ್ಟಿಲು ಇಳಿಯಲಾರದೆ ಕಿಟಕಿಯಿಂದ ಹಗ್ಗ ಕಟ್ಟಿದ ಬುಟ್ಟಿ ಬಿಡುವಳು. ಗಿರಾಕಿಗಳು ಮುರಿದ ಕೊಡೆಯನ್ನು ಅದರಲ್ಲಿಟ್ಟು ಕೂಗುವರು. ಬಿಲ್ಡರ್ ಮೊದಲು ಬಂದದ್ದು ಅವಳ ಸಾಲಿಗೇ. ಮನೆ ಬಿಟ್ಟುಕೊಟ್ಟರೆ ಲಿಫ್ಟಿರುವ ಹೊಸ ಫ್ಲಾಟು, ಬೀದಿಗೆ ಮುಖ ಮಾಡಿದ ಅಂಗಡಿ ಎಂದಿದ್ದ. ಅವಳು ಆ ಆಸೆಯಲ್ಲಿ ಮಂಡಿಗೆ ಎಣ್ಣೆ ಹಚ್ಚುವುದನ್ನೂ ಕಡಿಮೆ ಮಾಡಿದ್ದಳು. ಈಗ ಆಣತಿ ಬಂದಿತ್ತು, ಮನೆ ರಕ್ಷಿತ.

“ಮೆಟ್ಲೂ ಹಳೇವಂತೆ, ಮುಟ್ಟಬಾರ್ದಂತೆ,” ಎಂದಳು ಸ್ಟೂಲಿನ ಮೇಲೆ ಕೂರುತ್ತ. “ನನ್ನ ಮಂಡೀನೂ ಹಳೇದೇ ಕಣೋ. ಅದನ್ನ ಯಾರೂ ರಕ್ಷಿಸಲ್ಲ. ಅದೇನೋ ಬಾಲ್ಕನಿ ಇತ್ತಂತಲ್ಲ ನಮ್ಮನೇಲಿ? ಯಾವನೋ ಅದು ಹೇಳಿದ್ದು? ಕುಡಿದು ಬಂದಿದ್ನಾ?”

ಅವನು ಕುಂಚದ ಕೂದಲನ್ನು ಒಂದೊಂದಾಗಿ ಬಿಡಿಸುತ್ತ ನಿಂತ.

“ಎಲ್ಲೋ ನಮ್ಮನೆ? ಇಷ್ಟು ದಿನದಿಂದ ತೋರಿಸ್ತೀನಿ ತೋರಿಸ್ತೀನಿ ಅಂತ ಸಾಗ ಹಾಕ್ತಿದ್ದೀಯ.” ಎದ್ದು ಗಾಜಿನ ಅಂಚು ಹಿಡಿದುಕೊಂಡು ಹೊಳೆಯಿಂದ ಶುರುಮಾಡಿ ಬೀದಿ ಬೀದಿ ತಿರುಗಿದಳು. ಅಷ್ಟು ಸಲೀಸಾಗಿ ಅವಳು ಊರು ಸುತ್ತಿ ಎಷ್ಟು ಕಾಲವಾಗಿತ್ತೋ. “ಇದು ಹಿಟ್ಟಿನ ಗಿರಣಿ. ಇದು ನಲ್ಲಿಕಟ್ಟೆ. ಅಯ್ಯ, ನಮ್ಮ ಬೀದಿ!” ಆಮೇಲೆ ಬಗ್ಗಿ ನೋಡಿದಳು. ಅವನಿಗೆ ಅವಳ ಮುಖ ನೋಡುವ ಧೈರ್ಯವಾಗದೆ ಗಾಜಿನಲ್ಲಿ ಮೂಡಿದ ನೆರಳನ್ನು ನೋಡಿದ.

“ಇದೇನೋ ಇದು?”

“ಬಾಲ್ಕನಿ.”

“ಅದು ಗೊತ್ತು. ಅಲ್ಲಿಗೆ ಹೆಂಗೆ ಬಂತು?”

“ಅಂಟ್ಕೊಂಡಿತು.”

“ತಾನಾಗೇ?”

ಅಕ್ಕನ ಕಣ್ಣು ಎರಡು ಬೆರಳಿನ ಬೀದಿ ದಾಟಿ ಎದುರುಮನೆಗೆ ಹೋಯಿತು. ಅಲ್ಲಿ ಬರಿಯ ಗೋಡೆ. ತಿರುಗಿ ಬಂತು. ಅವಳಿಗೆ ಎಲ್ಲ ಅರ್ಥವಾಯಿತೆಂದು ಅವನಿಗೂ ಅರ್ಥವಾಯಿತು. ಬೈಗುಳ ಕಾದ. ಚಿಕ್ಕಂದಿನಲ್ಲಾದರೆ ತಲೆಗೊಂದು ಮೊಟಕು ಬೀಳುತ್ತಿತ್ತು. ಅವಳು ಬೆರಳನ್ನು ಗಾಜಿನ ಮೇಲೆ, ಅಧ್ಯಕ್ಷೆಯ ಉಸಿರು ಕೂತಿದ್ದ ಅದೇ ಜಾಗದಲ್ಲಿ, ಇಟ್ಟಳು.

“ಕಂಬಿ ಚೆನ್ನಾಗಿ ಮಾಡಿದ್ದೀಯ. ಆದ್ರೆ ಎಲೆ ಇಲ್ಲ. ಅದ್ರಲ್ಲಿ ಎಲೆ ಇದ್ವು. ಎಡಗಡೆ ತುದೀಲಿ ಒಂದೆಲೆ ಮುರಿದಿತ್ತು.” ಬೆರಳು ತೆಗೆದಳು. “ಇವತ್ತು ಹೇಳ್ಬಿಡು ಅವ್ರ ಮುಂದೆ. ಇದು ನಾನೇ ತಪ್ಪಾಗಿ ಅಂಟಿಸಿದ್ದು ಅಂತ. ನೌಕರಿ ಹೋಗುತ್ತಾ?”

“ಗೊತ್ತಿಲ್ಲ.”

“ಹೋದ್ರೆ ಕೊಡೆ ರಿಪೇರಿ ಕಲಿಸ್ತೀನಿ ಬಾ. ಈಗ್ಲಾದ್ರೂ ಕಡ್ಡಿ ಬಗ್ಗುತ್ತೇನೋ ನೋಡಾಣ.”

ಮಧ್ಯಾಹ್ನ ಕುರ್ಚಿಗಳು ಬಂದವು, ನೀರಿನ ಬಾಟಲಿಗಳು ಬಂದವು, ಅವುಗಳ ಹಿಂದೆ ಸಮಿತಿ ಬಂತು. ಅವನು ಗೋಡೆಗೆ ಒರಗಿ ತೋರುಕೋಲು ಹಿಡಿದು ನಿಂತ. ಯಾರಾದರೂ ಮನೆಯ ಹೆಸರೆತ್ತಿದರೆ ಕೋಲಿನಿಂದ ತೋರಿಸುವುದು ಅವನ ಪಾಲಿನ ಕೆಲಸ. ಮೊದಲು ಎದ್ದವಳು ಎದುರುಮನೆಯವಳು. ಬಾಲ್ಕನಿಯಿಂದ ಕೈಬೀಸಿದ್ದ ಹುಡುಗಿಯ ಕೂದಲು ಈಗ ಪೂರಾ ಬಿಳಿ. ಕೈ ಮಾತ್ರ ಈಗಲೂ ಮಾತಿಗೆ ಮುಂಚೆ ಬೀಸುತ್ತಿತ್ತು. ಅವಳ ಅಣ್ಣ ಬಿಲ್ಡರಿಗೆ ಸಹಿ ಹಾಕಿಕೊಟ್ಟಿದ್ದ. ಅವಳಿಗೆ ಮನೆ ಬೇಕಿತ್ತು. “ನಮ್ಮನೆ ಆ ಬೀದೀಲೇ ಮೊದಲನೇದು. ಬಾಲ್ಕನಿ ಇರೋದು ನಮ್ಮನೇಗೆ. ಎದುರುಗಡೆ ಮನೇಗಲ್ಲ. ಬಂದು ನೋಡಿ ಬೇಕಾದ್ರೆ.” ಅಧ್ಯಕ್ಷೆ ಮಾದರಿಯ ಕಡೆ ನೋಡಿದರು. ಅವನ ಕೋಲು ಎದುರುಮನೆಯ ಮೇಲೆ ನಿಂತಿತು. ಬಾಲ್ಕನಿ ಇರಲಿಲ್ಲ. “ಇದರಲ್ಲಿ ಇಲ್ಲವಲ್ಲಮ್ಮ,” ಎಂದರು ಅಧ್ಯಕ್ಷೆ, ಮಗುವಿಗೆ ಹೇಳುವ ಹಾಗೆ. ಬಿಲ್ಡರ್ ಕೈಮುಗಿದು ಎದ್ದ. ಬೋರ್ಡಿನ ಹಿಂದೆ ಏನೋ ಹಳೇ ಕಬ್ಬಿಣ ಇದ್ದದ್ದು ನಿಜ, ಜನರ ತಲೆ ಮೇಲೆ ಬಿದ್ದೀತೆಂದು ಅಣ್ಣನವರನ್ನು ಕೇಳಿಯೇ ಇವತ್ತು ಬೆಳಿಗ್ಗೆ ಇಳಿಸಿಬಿಟ್ಟೆ, ಈಗ ಗೋಡೆಯಲ್ಲಿ ತೂತು ಬಿಟ್ಟು ಬೇರೇನೂ ಇಲ್ಲ ಎಂದ. “ತೂತು ಯಾರ ಮನೆ ಗೋಡೇಲಿ ಇರಲ್ಲ?” ಎಂದರು ದೊಡ್ಡ ಸಾಹೇಬರು. ಎಲ್ಲರೂ ನಕ್ಕರು. ಅಕ್ಕನ ಮನೆಯ ತೂತಿಗೆ ಚರಿತ್ರೆ ಬರೆದವರೂ ನಕ್ಕರು.

ಆಮೇಲೆ ಅಕ್ಕ ಎದ್ದಳು. “ನಮ್ಮನೇಲಿ ಬಾಲ್ಕನಿ ಇರ್ಲಿಲ್ಲ ಸ್ವಾಮಿ. ಆ ತೂತು ನಮ್ಮಪ್ಪನ ಕೊಡೇದು. ನಾನು ಹುಟ್ಟಿ ಬೆಳೆದ ಮನೆ, ನನಗೆ ಗೊತ್ತಿಲ್ವಾ?” ಅಧ್ಯಕ್ಷೆ ಕನಿಕರದಿಂದ ತಲೆದೂಗಿದರು. ಬಾಲ್ಕನಿ ನೀವು ಹುಟ್ಟುವುದಕ್ಕೂ ಮುಂಚಿನದಿರಬಹುದು ಎಂದರು. ಎಷ್ಟೋ ಜನಕ್ಕೆ ತಮ್ಮ ಮನೆಯ ಬೆಲೆ ತಮಗೇ ಗೊತ್ತಿರುವುದಿಲ್ಲ, ಅದಕ್ಕೇ ಸಮಿತಿ ಇರುವುದು ಎಂದರು. ಅಕ್ಕ ತಿರುಗಿ ಅವನನ್ನು ನೋಡಿದಳು. ಅವನ ನಾಲಿಗೆ ಅಂಟಿಕೊಂಡಿತ್ತು, ಅವನದೇ ಅಂಟು ಹಾಕಿದ ಹಾಗೆ. ಹೇಳಿದರೆ ಇವರು ಏನು ಮಾಡುತ್ತಾರೆ? ಬೆನ್ನು ತಟ್ಟಿದ ಕೈ ಕೊರಳಿಗೆ ಬರುತ್ತದೆ. ಗುಮಾಸ್ತರು ಬ್ರಹ್ಮ ಎನ್ನುವುದನ್ನು ಬಿಟ್ಟು ಬೇರೇನೋ ಎನ್ನುತ್ತಾರೆ. ಹೇಳದಿದ್ದರೆ ಅಕ್ಕ ಆ ಮೆಟ್ಟಿಲನ್ನು ಇನ್ನೆಷ್ಟು ದಿನ ಹತ್ತುತ್ತಾಳೆ? ಅಂಗೈ ಬೆವರಿ ತೋರುಕೋಲು ಜಾರಿತು. ಬಿದ್ದ ಕೋಲಿನ ಸದ್ದಿಗೆ ಎಲ್ಲರೂ ತಿರುಗಿದ್ದರಿಂದ ಅವನು ಮಾತಾಡಲೇಬೇಕಾಯಿತು.

“ಅವ್ರು ಹೇಳ್ತಿರೋದು ನಿಜ ಮೇಡಂ. ಇಬ್ಬರೂ ಹೇಳ್ತಿರೋದು ನಿಜ. ಬಾಲ್ಕನಿ ಎದುರುಮನೇದು. ನಾನೇ ಅದನ್ನ ಈಚೆ ಮನೆಗೆ ಅಂಟಿಸಿಬಿಟ್ಟೆ.”

ಹೊರಗೆ ಯಾವುದೋ ಬಸ್ಸು ಹಾರ್ನು ಹೊಡೆದದ್ದು ಕೇಳಿತು. ಹೇಳಿಯಾಯಿತಲ್ಲ, ಇಷ್ಟೇ ತಾನೇ ಎಂದು ಅವನ ಎದೆ ಹಗುರಾಗುತ್ತಿರುವಾಗಲೇ ಬಿಲ್ಡರ್ ನಗುತ್ತ ದೊಡ್ಡ ಸಾಹೇಬರ ಕಿವಿಯ ಕಡೆ ಬಾಗಿದ. ದೊಡ್ಡ ಸಾಹೇಬರ ಹುಬ್ಬು ಮೇಲೇರಿತು.

“ಏನಯ್ಯ, ಈ ಯಮ್ಮ ನಿನ್ನ ಸ್ವಂತ ಅಕ್ಕನಂತೆ?”

“ಹೌದು ಸಾರ್.”

“ಸ್ವಂತ?”

“ಸ್ವಂತ ಸಾರ್.”

ನಗು ಮೊದಲು ಕಿಟಕಿಯ ಕಡೆಯಿಂದ ಬಂತು, ಆಮೇಲೆ ಮೇಜಿನ ಎಲ್ಲ ಕಡೆಯಿಂದಲೂ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮದುವೆಮನೆಯಲ್ಲಿ ಹುಡುಗ ಸಿಕ್ಕಿಬಿದ್ದಾಗ ನಗುವಂಥ ನಗು. ಅಧ್ಯಕ್ಷೆಯ ಕಣ್ಣಲ್ಲಿ ನೀರೇ ಬಂತು. “ನೋಡಿ, ಇದಪ್ಪ ಒಡಹುಟ್ಟು ಅಂದ್ರೆ! ಅಕ್ಕನಿಗೋಸ್ಕರ ತಾನು ಮಾಡಿದ ಕೆಲಸಕ್ಕೇ ಮಸಿ ಬಳಿಯೋಕೆ ಹೊರಟಿದ್ದಾರೆ. ತಮ್ಮ ಅಂದ ಮೇಲೆ ಅಷ್ಟೂ ಹೇಳದೆ ಇರೋಕಾಗುತ್ತಾ?” ಅವನು, ಇಲ್ಲ ಮೇಡಂ, ನಿಜವಾಗಿ ನಾನೇ, ಬಾಚಣಿಗೆ ಹಲ್ಲಿಂದ, ಎಂದೇನೋ ತೊದಲಿದ. ಬಾಚಣಿಗೆ ಎಂದ ಕೂಡಲೇ ನಗು ಇನ್ನೊಮ್ಮೆ ಎದ್ದಿತು. ಸುಳ್ಳು ಅಂಟಿಸಿದಾಗ ಬೆನ್ನು ತಟ್ಟಿದ್ದರು. ನಿಜ ಹೇಳಿದ್ದಕ್ಕೂ ತಟ್ಟಿದರು. ದೊಡ್ಡ ಸಾಹೇಬರು ಮೆಲುದನಿಯಲ್ಲಿ, “ಮನೆ ವ್ಯವಹಾರ ಆಫೀಸಿಗೆ ತರಬೇಡ ಕಣಯ್ಯ, ಈ ಸಲ ಬಿಟ್ಟಿದ್ದೀನಿ,” ಎಂದು ಸೇರಿಸಿದರು. ಸಮಿತಿ ಮುಂದಿನ ಬೀದಿಗೆ ಹೋಯಿತು.

ಇಳಿಯುವಾಗ ಅಕ್ಕ ಅವನ ಹೆಗಲು ಹಿಡಿದು ಮೆಟ್ಟಿಲಿಗೊಮ್ಮೆ ನಿಂತು ಅಡ್ಡಡ್ಡಲಾಗಿ ಇಳಿದಳು. ಎದುರುಮನೆಯವಳು ಹಿಂದಿನಿಂದ ಬಂದು ಅವನ ತೋಳು ಮುಟ್ಟಿದಳು. “ನೀನೊಬ್ಬನಾದ್ರೂ ನಿಜ ಹೇಳಿದೆಯಲ್ಲಪ್ಪ. ನಿನ್ನ ಉಪಕಾರ ಮರೆಯಲ್ಲ,” ಎಂದಳು. ಅವಳು ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದ. ಬೈದಿದ್ದರೆ ಒಳ್ಳೆಯದೇ ಆಗುತ್ತಿತ್ತು. ನಾನೇ ಅಂಟಿಸಿಬಿಟ್ಟೆ ಎಂದದ್ದನ್ನು ಇವಳೂ ನಂಬಿಲ್ಲ ಎಂಬುದು ಅವನಿಗೆ ಹೊಳೆಯಿತು. ಅರ್ಧ ನಿಜವನ್ನು ಅವಳು ಇಟ್ಟುಕೊಂಡಿದ್ದಳು, ಉಳಿದರ್ಧವನ್ನು ಅವನ ದೊಡ್ಡತನ ಎಂದು ತಿಳಿದಿದ್ದಳು. ಅವಳು ಮುಟ್ಟಿದ ಜಾಗವನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡ. ಬಸ್ಸಿಗೆ ಕಾಯುವಾಗ ಅಕ್ಕ, “ಹೋಗ್ಲಿ ಬಿಡು. ಹೇಳಿದೆಯಲ್ಲ,” ಎಂದಳು. ಮತ್ತೆ, ಸಿಟ್ಟೋ ತಮಾಷೆಯೋ ತಿಳಿಯದ ಧ್ವನಿಯಲ್ಲಿ, “ಅಂಟಿಸೋದು ಅಂಟಿಸಿದೆ, ಒಂದು ಲಿಫ್ಟ್ ಅಂಟಿಸಬಾರ್ದಿತ್ತೇನೋ?”

ಆಮೇಲೆ ಎಲ್ಲ ಮಾದರಿಯ ಪ್ರಕಾರವೇ ಆಯಿತು. ಎದುರು ಸಾಲು ಉರುಳಿತು. ಎದುರುಮನೆಯವಳು ಬಾಡಿಗೆ ಮನೆಗೆ ಹೋದಳು. ಕಚೇರಿಯಲ್ಲಿ ಅವನು ಆ ಸಾಲನ್ನು ಬ್ಲೇಡಿನಿಂದ ಎಬ್ಬಿಸಿ ತೆಗೆದು ಬಿಳಿ ರಟ್ಟಿನ ಎತ್ತರದ ಪೆಟ್ಟಿಗೆಯೊಂದನ್ನು ನಿಲ್ಲಿಸಿದ. ಅಲ್ಲಿ ಅಂಟು ಏಕೋ ಸರಿಯಾಗಿ ಹಿಡಿಯಲಿಲ್ಲ, ಮತ್ತೆ ಮತ್ತೆ ಹಚ್ಚಬೇಕಾಯಿತು. ಅಕ್ಕನ ಮನೆಗೆ ಪಾಲಿಕೆಯ ಖರ್ಚಿನಲ್ಲಿ ಮೇಸ್ತ್ರಿಗಳು ಬಂದರು, ಅಪ್ಪನ ತೂತುಗಳನ್ನೇ ಅಗಲಮಾಡಿ ತೊಲೆ ಸೇರಿಸಿದರು. ಅವನು ಹೋಗಿ ನೋಡಲಿಲ್ಲ. ಕೆಲಸವಿದೆ ಎಂದ, ಜ್ವರ ಎಂದ, ಬಸ್ಸು ಸಿಗಲಿಲ್ಲ ಎಂದ. ಕೊನೆಗೊಂದು ರಜೆಯ ದಿನ ಹೆಂಡತಿ, “ಅಕ್ಕ ಹೇಳಿಕಳ್ಸಿದ್ದಾರೆ, ಹೋಗದೆ ಇದ್ರೆ ನಾನೇ ಹೊತ್ಕೊಂಡು ಹೋಗಿ ಬಿಡ್ತೀನಿ,” ಎಂದ ಮೇಲೆ ಹೊರಟ.

ಬೀದಿಯ ತಿರುವಿನಲ್ಲೇ ಅದು ಕಂಡಿತು. ಒಂದು ಕಡೆ ಅಷ್ಟಗಲ ಗುಂಡಿ, ಗುಂಡಿಯ ಸುತ್ತ ತಗಡಿನ ಬೇಲಿ. ಇನ್ನೊಂದು ಕಡೆ, ಹೊಸ ಹಸಿರು ಬಣ್ಣ ಹೊಳೆಯುವ ಬಾಲ್ಕನಿ. ಅದರಲ್ಲಿ ಅಕ್ಕ ಕುರ್ಚಿ ಹಾಕಿಕೊಂಡು, ಮಡಿಲಲ್ಲಿ ಕೊಡೆಯೊಂದನ್ನು ಅಂಗಾತ ಇಟ್ಟುಕೊಂಡು ಕೂತಿದ್ದಳು. ಬುಟ್ಟಿ ಕಂಬಿಯಿಂದ ತೂಗುತ್ತಿತ್ತು. ಬಾಗಿಲ ಪಕ್ಕ ಒಂದು ಫಲಕ ಜಡಿದಿದ್ದರು: ಈ ಪುರಾತನ ಬಾಲ್ಕನಿಯಿಂದ ಬುಟ್ಟಿಯಲ್ಲಿ ಕೊಡೆ ಇಳಿಸುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ಕೆಳಗೆ ಕ್ಯಾಮೆರಾ ಹಿಡಿದ ಗಂಡಹೆಂಡತಿ ಕತ್ತೆತ್ತಿ ನಿಂತಿದ್ದರು. “ಹ್ಞೂ ಮತ್ತೆ,” ಅಕ್ಕ ಅವರಿಗೆ ಮೇಲಿನಿಂದ ಹೇಳುತ್ತಿದ್ದಳು, “ಚಿಕ್ಕೋಳಿದ್ದಾಗ ಇಲ್ಲೇ ನಿಂತು ನೋಡಿದ್ದು. ಗೆದ್ದ ಹುಡುಗ್ರು ಲಾರೀಲಿ ಬಂದ್ರು. ಅವ್ರಲ್ಲೊಬ್ಬ ಮೇಲೆ ನೋಡಿ ನನಗೇ ಕೈ ಬೀಸಿದ. ನನ್ನ ತಮ್ಮನೂ ಇದ್ದ. ಅಗೋ, ಬಂದ ನೋಡಿ. ಕೇಳಿ ಬೇಕಾದ್ರೆ.” ಅವರಿಬ್ಬರೂ ಅವನ ಕಡೆ ತಿರುಗಿದರು. ಅವನು ಹೌದೆಂದು ತಲೆಯಾಡಿಸಿದ. ಆಡಿಸುತ್ತಿರುವಾಗಲೇ, ಎಂದೂ ನೆನಪಿಗೆ ಬಾರದಿದ್ದ ಲಾರಿ ತಿರುವಿನಲ್ಲಿ ಕಾಣಿಸಿಕೊಂಡಿತು, ಅದರ ಕೆಂಪು ಬಣ್ಣ ಸಮೇತ. ಅವನು ಅದನ್ನು ಈ ಕಡೆಯಿಂದಲೇ ನೋಡುತ್ತಿದ್ದ.

ಏಣಿಯಂಥ ಮೆಟ್ಟಿಲು ಹತ್ತಿ ಮೇಲೆ ಬಂದ. “ತಲೆಮಾರಂತೆ!” ಎಂದಳು ಅಕ್ಕ. “ನನ್ನ ಮಂಡಿ ಕೆಟ್ಟು ಎಷ್ಟು ತಲೆಮಾರಾಯ್ತೋ?” ಆದರೆ ಮುಖ ಅರಳಿತ್ತು. ಕೆಳಗೆ ಇಳಿದು ಎಷ್ಟು ದಿನವಾಯಿತೆಂದು ಕೇಳಿದರೆ ಇಳಿದು ಆಗಬೇಕಾದ್ದೇನು ಎಂದಳು. ಗಿರಾಕಿ ಜಾಸ್ತಿಯಾಗಿದ್ದಾರೆ, ಮುರಿಯದ ಕೊಡೆಯನ್ನೂ ಬುಟ್ಟಿಗೆ ಹಾಕಿ ಫೋಟೋ ತೆಗೀತಾರೆ, ಹುಚ್ಚು ಜನ ಎಂದಳು. ಅವನು ಬಾಲ್ಕನಿಗೆ ಕಾಲಿಟ್ಟ. ಕಂಬಿ ನೋಡಿದ. ಎರಕದ ಎಲೆಗಳು. ಎಡಗಡೆಯ ತುದಿಯಲ್ಲಿ ಒಂದು ಎಲೆ ಮುರಿದಿತ್ತು. ಮುರಿದ ಜಾಗಕ್ಕೂ ಹಸಿರು ಬಣ್ಣ ಬಳಿದಿದ್ದರು.

“ಹಳೇ ಕಬ್ಬಿಣದ ಅಂಗಡೀಲಿ ಸಿಕ್ಕಿತಂತೆ,” ಅಕ್ಕ ಕಡ್ಡಿಗೆ ದಾರ ಸುತ್ತುತ್ತ, ತಲೆ ಎತ್ತದೆ ಹೇಳಿದಳು. “ಅದೇ ಕಾಲದ್ದು, ಅದೇ ಬೀದೀ ಶೈಲಿ, ಅಳತೇನೂ ಸರಿಯಾಯ್ತು ಅಂತ ಅಧ್ಯಕ್ಷೆಯಮ್ಮ ಕುಣಿದಾಡಿಬಿಟ್ರು.”

“ಅಕ್ಕಾ, ಇದು...”

“ಗೊತ್ತು. ಸುಮ್ನಿರು.”

ಕೆಳಗಿನಿಂದ ಯಾರೋ ಕೂಗಿದರು. ಎದುರುಮನೆಯವಳು. ಈಗ ಎದುರುಮನೆಯೇ ಇಲ್ಲವಾದರೂ ಅವಳಿಗೆ ಬೇರೆ ಹೆಸರು ಅವನಿಗೆ ತೋಚಲಿಲ್ಲ. ಕಡ್ಡಿ ಕಿತ್ತ ಕೊಡೆಯನ್ನು ಎತ್ತಿ ತೋರಿಸುತ್ತಿದ್ದಳು. ಅಕ್ಕನ ಕೈ ಹಗ್ಗದ ಮೇಲೆ ನಿಂತಿತು. “ಬುಟ್ಟಿ ಬೇಡ. ಮೇಲೆ ಬಾರೆ,” ಎಂದು ಕರೆದಳು. ಮೆಟ್ಟಿಲ ಮೇಲೆ ನಿಧಾನವಾದ ಹೆಜ್ಜೆ, ಹೊಸ್ತಿಲಲ್ಲಿ ಕಾಲೊರಸಿನ ಸದ್ದು. ಯಾರೂ ತೋರಿಸದಿದ್ದರೂ ಅವಳು ಎರಡು ಸಲ ಒರೆಸಿಕೊಂಡಳು. ಬಾಲ್ಕನಿಗೆ ಬಂದವಳು ಕೊಡೆಯನ್ನು ಅಕ್ಕನ ಮಡಿಲಿಗೆ ಹಾಕಿ ಬೀದಿಯ ಕಡೆ ನೋಡಿದಳು. ತನ್ನ ಮನೆ ಇದ್ದ ಗುಂಡಿಯನ್ನು ನೋಡಿದಳು. ಅವಳ ಕೈ ತಾನಾಗಿ ಕಂಬಿಯ ಮೇಲೆ ಹೋಗಿ, ಎಡಗಡೆಯ ತುದಿಗೆ ಸರಿದು, ಮುರಿದ ಎಲೆಯ ಮೇಲೆ ಕೂತಿತು. ಕಣ್ಣು ಮುಚ್ಚಿದ್ದರೂ ಆ ಕೈಗೆ ದಾರಿ ಗೊತ್ತಿತ್ತು. ಈಗ ಅವಳು ತಿರುಗುತ್ತಾಳೆ, ಈಗ ಇಬ್ಬರನ್ನೂ ನೋಡುತ್ತಾಳೆ. ತಾನೇ ಮೊದಲು ಹೇಳಿಬಿಡಬೇಕು, ಈ ಸಲ ನಗುವವರು ಯಾರೂ ಇಲ್ಲ ಎಂದು ಬಾಯಿ ತೆರೆದ.

“ಕಂಬಿ ಬಿಡಮ್ಮ,” ಎಂದಳು ಅಕ್ಕ. ಸಿಟ್ಟಿನಿಂದಲ್ಲ; ಮನೆ ಯಜಮಾನಿಯ ನಿರಾಳ ಧ್ವನಿ, ಬುದ್ಧಿಮಾತಿನ ಧಾಟಿ. ಕಣ್ಣು ಕೊಡೆಯ ಕಡ್ಡಿಯ ಮೇಲಿತ್ತು. “ಕೈಬೆವರಿಗೆ ತುಕ್ಕು ಹಿಡಿಯುತ್ತೆ.”

ಅವಳು ಕೈ ತೆಗೆದಳು. “ಹೌದು, ಅಮ್ಮನೂ ಹಾಗೇ ಅಂತಿದ್ಲು,” ಎಂದಳು ಯಾರಿಗೋ ಎಂಬಂತೆ. ಮತ್ತೆ ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡಳು, ಒರೆಸಿದ್ದನ್ನೇ ಒರೆಸಿಕೊಂಡಳು.

ಅವನು ತನ್ನ ಎರಡೂ ಕೈಯನ್ನು ಜೇಬಿಗೆ ಹಾಕಿಕೊಂಡ.